ಉದ್ಯಮಶೀಲತೆಯ ವಿದ್ಯಾಭ್ಯಾಸವೂ ನಮ್ಮ ಹೆಣ್ಣುಮಕ್ಕಳೂ

'ಉದ್ಯೋಗಂ ಪುರುಷಲಕ್ಷಣಂ' ಎಂಬ ಮಾತನ್ನು ನಮ್ಮ ಹಿರಿಯರು ತಲತಲಾಂತರದಿಂದ ಆಡುತ್ತ ಬಂದಿರುವರು. ಸಂಸ್ಕೃತದಲ್ಲಿ ಪುರುಷ ಶಬ್ದಕ್ಕೆ ಮನುಷ್ಯನೆಂಬ ಅರ್ಥವೂ ಉಂಟು. ಆದರೆ ನಮ್ಮ ಮನೆಗಳಲ್ಲಿ ಅದಕ್ಕೆ ಗಂಡಸೆಂಬ ಒಂದೇ ಅರ್ಥವನ್ನು ಮಾಡಿಟ್ಟುಕೊಂಡಿರುವೆವು. ಹೊಲದಲ್ಲಿ ಕಳೆ ತೆಗೆಯುವವಳೂ, ಹಯನು ಮಾಡುವವಳೂ, ಬೇಸಗೆಯಲ್ಲಿ ಶಾವಿಗೆ ಹೊಸೆದು ಹಪ್ಪಳ ಸಂಡಿಗೆಗಳನ್ನು ಒಣಹಾಕುವವಳೂ, ಹಳೆಯ ಅರಿವೆಗಳನ್ನು ಕೂಡಿಸಿ ಕೌದಿ ಹೊಲಿಯುವವಳೂ ಹೆಣ್ಣುಮಗಳೇ ಆಗಿದ್ದರೂ ಅವಳ ದುಡಿಮೆಗೆ ಉದ್ಯೋಗವೆಂಬ ಹೆಸರು ದೊರೆತಿಲ್ಲ. ಈ ಹೆಸರಿನ ಕೊರತೆಯಿಂದ ಲೆಕ್ಕದ ಕೊರತೆಯೂ, ಲೆಕ್ಕದ ಕೊರತೆಯಿಂದ ಹಣದ ಕೊರತೆಯೂ ಒದಗಿರುವದು.

ನಮ್ಮ ಶಾಲೆಯ ವಿದ್ಯಾರ್ಥಿನಿಯರು ಮೇಲಿನ ಪರೀಕ್ಷೆಗಳಲ್ಲಿ ತೇರ್ಗಡೆಯಾದ ಕೂಡಲೆ ಪಾಲಕರು ಕೇಳುವ ಪ್ರಶ್ನೆ ಒಂದೇ: ಹುಡುಗಿಗೆ ಮುಂದೆ ಯಾವ ವಿದ್ಯೆಯನ್ನು ಕೊಡಿಸಬೇಕು? ಶಿಕ್ಷಕಿಯ ಕೆಲಸ, ದಾದಿಯ ಕೆಲಸ, ಬ್ಯಾಂಕಿನ ನೌಕರಿ, ಇಂಜನಿಯರಿಂಗು ಎಂಬಿವೇ ಸಾಮಾನ್ಯವಾಗಿ ಬರುವ ಉತ್ತರಗಳು. ಇವೆಲ್ಲ ಗೌರವದ ಹಾದಿಗಳೇ ಸರಿ. ಆದರೆ ಈಚಿನ ವರ್ಷಗಳಲ್ಲಿ ವಿಶ್ವವಿದ್ಯಾಲಯಗಳ ಪಾಠಕ್ರಮದಲ್ಲಿ ಉದ್ಯಮಶೀಲತೆ ಹಾಗೂ ನಾವೀನ್ಯವೆಂಬ ಹೊಸ ವಿಷಯವೊಂದು ಸೇರಿರುವದು. ಅದನ್ನು ಕೇಳಿದ ಪಾಲಕರು, 'ಅಂಗಡಿ ಹಾಕುವದನ್ನು ಕಲಿಯಲಿಕ್ಕೆ ಕಾಲೇಜೇಕೆ? ಅದೂ ಹುಡುಗಿಗೆ?' ಎಂದು ಸಂಶಯಪಡುವದು ಸಹಜವೇ ಆಗಿದೆ. ಆ ಸಂಶಯವನ್ನು ತಳ್ಳಿಹಾಕದೆ, ಈ ವಿದ್ಯೆಯ ಸ್ವರೂಪವೇನು, ಇದರಿಂದ ಆಗುವದೇನು, ಆಗದಿರುವದೇನು ಎಂಬದನ್ನು ಇಲ್ಲಿ ವಿವರಿಸಲು ಯತ್ನಿಸುವೆವು.

ಮೊದಲು ಶಬ್ದಾರ್ಥವನ್ನು ತಿಳಿದುಕೊಳ್ಳೋಣ. ೧೭೫೫ರಲ್ಲಿ ಪ್ರಕಟವಾದ ರಿಚರ್ಡ್ ಕ್ಯಾಂಟಿಲನ್ನನ ಅರ್ಥಶಾಸ್ತ್ರದ ಗ್ರಂಥದಲ್ಲಿ, ಇಂದು ಗೊತ್ತಾದ ಬೆಲೆಗೆ ಕೊಂಡು ನಾಳೆ ಗೊತ್ತಿಲ್ಲದ ಬೆಲೆಗೆ ಮಾರುವವನೇ ಉದ್ಯಮಿಯೆಂದು ಹೇಳಲಾಗಿದೆ. ಈ ಲಕ್ಷಣದ ಮೇರೆಗೆ ನೋಡಿದರೆ ನಮ್ಮ ಗೋಕಾಕ, ಮೂಡಲಗಿ, ಹುಕ್ಕೇರಿ ಸೀಮೆಯ ಒಕ್ಕಲಿಗನು ಹುಟ್ಟಾ ಉದ್ಯಮಿಯು. ಬೀಜ, ಗೊಬ್ಬರ, ಆಳಿನ ಕೂಲಿ ಇವುಗಳ ಬೆಲೆ ಅವನಿಗೆ ಗೊತ್ತು. ಕಬ್ಬು ಬೆಳೆದು ಗಾಣವಾಡಿಸಿದ ಮೇಲೆ ಬೆಲ್ಲಕ್ಕೆ ಪೇಟೆಯಲ್ಲಿ ಏನು ಧಾರಣೆ ಬರುವದೋ ಗೊತ್ತಿಲ್ಲ. ಮುಂದೆ ೧೯೧೧ರಲ್ಲಿ ಜೋಸೆಫ್ ಶುಂಪೀಟರನೆಂಬ ಪಂಡಿತನು ಈ ಅರ್ಥವನ್ನು ವಿಸ್ತರಿಸಿದನು. ಇದ್ದ ಸಾಮಗ್ರಿಗಳನ್ನೇ ಹೊಸ ರೀತಿಯಿಂದ ಜೋಡಿಸಿ ಹೊಸ ಪದಾರ್ಥವನ್ನೋ, ಹೊಸ ವಿಧಾನವನ್ನೋ, ಹೊಸ ಪೇಟೆಯನ್ನೋ ನಿರ್ಮಿಸುವದೇ ಉದ್ಯಮದ ಜೀವಾಳವೆಂಬದು ಅವನ ಮತವು. ಹೊಸದೊಂದನ್ನು ಕಂಡುಹಿಡಿಯುವದು ಶೋಧ. ಅದು ಜನರ ಉಪಯೋಗಕ್ಕೆ ಬಂದು ನೆಲೆಯೂರುವದು ನಾವೀನ್ಯ. ಪೆಟ್ಟಿಗೆಯಲ್ಲಿಯೇ ಉಳಿದ ಶೋಧದಿಂದ ಯಾರ ಹೊಟ್ಟೆಯೂ ತುಂಬದು.

ಈ ಭೇದವನ್ನು ತಿಳಿಯಲಿಕ್ಕೆ ದೂರ ಹೋಗಬೇಕಾಗಿಲ್ಲ. ಕುಲಗೋಡವೆಂದರೆ ಶ್ರೀಕೃಷ್ಣ ಪಾರಿಜಾತವು ನೆನಪಾಗುವದು. ಪಾರಿಜಾತದ ಕಥೆಯನ್ನು ಮೊದಲು ಹಾಡಿದವನು ಅಪರಾಳ ತಮ್ಮಣ್ಣನು. ಅದನ್ನು ಎತ್ತಿಕೊಂಡು, ಬೆಳಸಿ, ಆಡಿ ತೋರಿಸುವ ಬಯಲಾಟವನ್ನಾಗಿ ಮಾಡಿದ ಕೀರ್ತಿಯು ಕುಲಗೋಡ ತಮ್ಮಣ್ಣನದು. ಕಥೆ ಹಳೆಯದು, ಜೋಡಣೆ ಹೊಸದು. ಅದಕ್ಕೆಂದೇ ಅದು ಹಳ್ಳಿಹಳ್ಳಿಗೂ ಹಬ್ಬಿತು. ನೆರೆಯ ಕೌಜಲಗಿಯ ನಿಂಗಮ್ಮನು ಅದೇ ಆಟದಿಂದ ನಾಡೆಲ್ಲ ಹೆಸರಾದಳು. ಹೆಣ್ಣುಮಕ್ಕಳು ರಂಗವನ್ನೇರುವದೇ ಅಪರೂಪವಾಗಿದ್ದ ಕಾಲದಲ್ಲಿ ಅವಳು ತೋರಿದ ಧೈರ್ಯವನ್ನು ಉದ್ಯಮಶೀಲತೆಯೆಂದು ಕರೆಯಲು ನಾವು ಹಿಂಜರಿಯಬೇಕಾಗಿಲ್ಲ.

ನಮ್ಮ ಜಿಲ್ಲೆಯ ಇನ್ನೊಂದು ದೃಷ್ಟಾಂತವು ಇನ್ನೂ ಬೋಧಪ್ರದವಾದದ್ದು. ಲಕ್ಷ್ಮಣರಾವ ಕಿರ್ಲೋಸ್ಕರರು ೧೮೬೯ರಲ್ಲಿ ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ ಹುಟ್ಟಿದರು. ಚಿತ್ರಕಲೆಯನ್ನು ಕಲಿಯಲು ಮುಂಬಯಿಗೆ ಹೋದ ಅವರಿಗೆ ಬಣ್ಣಗಳ ಭೇದವು ಸರಿಯಾಗಿ ಕಾಣದೆಂಬದು ತಿಳಿದುಬಂದಿತು. ಅವರು ಎದೆಗುಂದದೆ ಯಂತ್ರಗಳ ನಕ್ಷೆ ತೆಗೆಯುವದನ್ನು ಕಲಿತು, ಮುಂಬಯಿಯ ತಾಂತ್ರಿಕ ಶಾಲೆಯಲ್ಲಿ ಅಧ್ಯಾಪಕರಾದರು. ಬೆಳಗಾವಿಯಲ್ಲಿ ಸಾಯಕಲ್ಲಿನ ಅಂಗಡಿಯನ್ನು ನಡೆಸಿದರು. ದನಗಳ ಮೇವು ಕತ್ತರಿಸುವ ಯಂತ್ರವನ್ನೂ ಕಬ್ಬಿಣದ ನೇಗಿಲನ್ನೂ ತಯಾರಿಸಿದರು. ಆದರೆ ಕಬ್ಬಿಣವು ಭೂಮಿಗೆ ವಿಷವನ್ನುಂಟುಮಾಡುವದೆಂಬ ನಂಬಿಕೆಯಿಂದ ರೈತರು ಆ ನೇಗಿಲನ್ನು ಮುಟ್ಟಲಿಲ್ಲ. ಮೊದಲನೆಯ ನೇಗಿಲು ಮಾರಾಟವಾಗಲು ಎರಡು ವರ್ಷಗಳು ಹಿಡಿದವೆಂದು ಹೇಳುವರು. ೧೯೧೦ರಲ್ಲಿ ಔಂಧ ಸಂಸ್ಥಾನದ ಅರಸರು ಕೊಟ್ಟ ಬರಡು ನೆಲದ ಮೇಲೆ ಕಿರ್ಲೋಸ್ಕರವಾಡಿಯು ಎದ್ದಿತು. ಯಂತ್ರವನ್ನು ಮಾಡುವದು ಒಂದು ವಿದ್ಯೆ, ಕೊಳ್ಳುವವರ ಮನಸ್ಸಿನಲ್ಲಿರುವ ಅಂಜಿಕೆಯನ್ನು ಅರಿತು ಕಳೆಯುವದು ಮತ್ತೊಂದು ವಿದ್ಯೆ, ಎಂಬ ಪಾಠವು ಇದರಲ್ಲಿರುವದು. ಈ ಎರಡನೆಯ ವಿದ್ಯೆಯನ್ನು ಕಿರ್ಲೋಸ್ಕರರು ಅನುಭವದಿಂದಲೇ ಕಲಿಯಬೇಕಾಯಿತು. ಇಂದಿನ ವಿದ್ಯಾರ್ಥಿನಿಗೆ ಅದನ್ನು ತರಗತಿಯಲ್ಲಿಯೇ ಹೇಳಿಕೊಡುವ ಪ್ರಯತ್ನ ನಡೆದಿರುವದು.

ಉದ್ಯಮವೆಂದರೆ ಒಬ್ಬನ ಸಾಹಸವೇ ಎಂದು ತಿಳಿಯಲಾಗದು. ೧೯೦೫ರಲ್ಲಿ ಗದಗ ತಾಲೂಕಿನ ಕಣಗಿನಹಾಳದಲ್ಲಿ ಸಿದ್ಧನಗೌಡ ಪಾಟೀಲರ ಮುಂದಾಳುತನದಿಂದ ರೈತರ ಸಹಕಾರಿ ಸಂಘವು ಹುಟ್ಟಿತು. ನಮ್ಮ ಹುಕ್ಕೇರಿಯಲ್ಲಿ ೧೯೬೯ರಲ್ಲಿ ಗ್ರಾಮೀಣ ವಿದ್ಯುತ್ ಸಹಕಾರಿ ಸಂಘವು ಸ್ಥಾಪನೆಯಾಗಿ, ವಿದ್ಯುತ್ತಿನ ಹಂಚಿಕೆಯಂಥ ದೊಡ್ಡ ಕಾರ್ಯವನ್ನು ಸಹಕಾರದಿಂದಲೂ ನಡೆಸಬಹುದೆಂದು ತೋರಿಸಿಕೊಟ್ಟಿತು. ೧೯೧೬ರಲ್ಲಿ ಬೆಳಗಾವಿಯಲ್ಲಿ ಏಳು ಜನ ಶಿಕ್ಷಕರು ಕೂಡಿ ಒಂದು ಶಾಲೆಯಿಂದ ಆರಂಭಿಸಿದ ಕರ್ನಾಟಕ ಲಿಂಗಾಯತ ಶಿಕ್ಷಣ ಸಂಸ್ಥೆಯು ಇಂದು ವಿಶ್ವವಿದ್ಯಾಲಯಗಳನ್ನೇ ನಡೆಸುತ್ತಿರುವದು. ಮಂಗಳೂರಿನಲ್ಲಿ ೧೮೬೫ರಲ್ಲಿ ಬಾಸೆಲ್ ಮಿಶನ್ನಿನವರು ತೆಗೆದ ಹೆಂಚಿನ ಕಾರಖಾನೆಯಿಂದ ಕರಾವಳಿಯ ಮನೆಗಳ ಮಾಡೇ ಬದಲಾಯಿತು. ಲಾಭವನ್ನು ಹಂಚಿಕೊಳ್ಳದ, ಇಲ್ಲವೆ ಎಲ್ಲರೂ ಹಂಚಿಕೊಳ್ಳುವ ಉದ್ಯಮಗಳೂ ಉದ್ಯಮಗಳೇ.

ಇನ್ನು, ಇದನ್ನು ಕಲಿಸಲು ಸಾಧ್ಯವೇ? ವ್ಯಾಪಾರವು ರಕ್ತದಲ್ಲಿಯೇ ಬರಬೇಕೆಂದು ಹೇಳುವವರು ಬಹಳ ಜನ. ಅಮೇರಿಕೆಯ ಹಾರ್ವರ್ಡ್ ವಿಶ್ವವಿದ್ಯಾಲಯದಲ್ಲಿ ೧೯೪೭ರ ಆರಂಭದಲ್ಲಿ ಮೈಲ್ಸ್ ಮೇಸ್ ಎಂಬ ಪ್ರಾಧ್ಯಾಪಕರು ಹೊಸ ಉದ್ಯಮಗಳನ್ನು ನಡೆಸುವ ಬಗ್ಗೆ ಮೊದಲ ಪಾಠಮಾಲೆಯನ್ನು ಆರಂಭಿಸಿದರು. ೧೮೮ ವಿದ್ಯಾರ್ಥಿಗಳು ಅದಕ್ಕೆ ಸೇರಿದರು. ೧೯೬೪ರಲ್ಲಿ ಆಂಧ್ರದ ಕಾಕಿನಾಡಾ ಪಟ್ಟಣದಲ್ಲಿಯೇ ಈ ಪ್ರಶ್ನೆಯ ಪರೀಕ್ಷೆ ನಡೆಯಿತು. ಡೇವಿಡ್ ಮ್ಯಾಕ್ಲೆಲಂಡ್ ಎಂಬ ಮನಃಶಾಸ್ತ್ರಜ್ಞರು ಅಲ್ಲಿಯ ಸಣ್ಣ ವ್ಯಾಪಾರಸ್ಥರಿಗೆ ಹೈದರಾಬಾದಿನಲ್ಲಿ ಕೆಲವು ದಿವಸಗಳ ಶಿಕ್ಷಣವನ್ನು ಕೊಡಿಸಿದರು. ತಮಗೆ ಎಟುಕುವ ಆದರೂ ಸುಲಭವಲ್ಲದ ಗುರಿಯನ್ನು ಇಟ್ಟುಕೊಳ್ಳುವದು, ಅದರತ್ತ ಎಷ್ಟು ದೂರ ಬಂದೆವೆಂದು ಅಳೆದು ನೋಡುವದು, ಇವೇ ಅಲ್ಲಿಯ ಮುಖ್ಯ ಪಾಠಗಳು. ಶಿಕ್ಷಣ ಪಡೆದವರು ಪಡೆಯದವರಿಗಿಂತ ಹೆಚ್ಚು ಚುರುಕಾಗಿ ವ್ಯವಹಾರವನ್ನು ಬೆಳಸಿದ್ದು ಕಂಡುಬಂದಿತು. ಹಾಡುವ ಕೊರಳನ್ನು ಶಾಲೆಯು ಕೊಡಲಾರದಿದ್ದರೂ ಶ್ರುತಿ ತಾಳಗಳನ್ನು ಕಲಿಸಬಲ್ಲದಷ್ಟೆ, ಇದೂ ಹಾಗೆಯೇ.

ಈಗ ಕಾಲೇಜಿನಲ್ಲಿ ಕಲಿಸುವದೇನೆಂಬದನ್ನು ನೋಡುವ. ಮೊದಲನೆಯ ಪಾಠವು ಕೊರತೆಯನ್ನು ಗುರುತಿಸುವದು. ವಿದ್ಯಾರ್ಥಿನಿಯು ತನಗೆ ತೋಚಿದ ವಸ್ತುವನ್ನು ಮಾಡಿಕೊಂಡು ಗಿರಾಕಿಯನ್ನು ಹುಡುಕುವದಲ್ಲ. ಮೊದಲು ಜನರ ಬಳಿಗೆ ಹೋಗಿ, ಅವರ ಕಷ್ಟವನ್ನು ಕೇಳಿ, ಕಣ್ಣಾರೆ ಕಂಡು, ಬಳಿಕ ಉಪಾಯವನ್ನು ಯೋಚಿಸುವದು. ಒಂದು ಸಣ್ಣ ಮಾದರಿಯನ್ನು ಮಾಡಿ ಅವರ ಕೈಯಲ್ಲಿಟ್ಟು, ಅವರು ಹೇಳಿದ ದೋಷಗಳನ್ನು ತಿದ್ದಿ ಮತ್ತೆ ಕೊಡುವದು. ನಾಲ್ಕು ಸಲ ತಿದ್ದಿಸಿಕೊಂಡವಳಿಗೆ ಅಭಿಮಾನಭಂಗವಾಗದು, ಬುದ್ಧಿ ಬೆಳೆಯುವದು.

ಎರಡನೆಯದು ಲೆಕ್ಕ. ಇದನ್ನು ಒಂದು ಕಲ್ಪಿತ ಉದಾಹರಣೆಯಿಂದ ವಿವರಿಸುವೆವು. ಒಬ್ಬ ಗೃಹಿಣಿಯು ದಿನಕ್ಕೆ ೧೦೦ ಕಡಕ ರೊಟ್ಟಿಗಳನ್ನು ಬಡಿದು, ಒಂದಕ್ಕೆ ೮ ರೂಪಾಯಿಯಂತೆ ಅಂಗಡಿಯಲ್ಲಿ ಮಾರಿಸುವಳೆಂದು ತಿಳಿಯೋಣ. ಹಿಟ್ಟಿಗೆ ೨೫೦, ಉರುವಲಿಗೆ ೧೦೦, ಚೀಲಗಳಿಗೆ ೫೦, ಕೂಡಿ ೪೦೦ ರೂಪಾಯಿ ಖರ್ಚಾಯಿತು. ೮೦೦ರಲ್ಲಿ ೪೦೦ ಕಳೆದು ೪೦೦ ಉಳಿಯಿತೆಂದು ಅವಳು ಸಂತೋಷಪಡುವಳು. ಆದರೆ ಹತ್ತು ರೊಟ್ಟಿಗಳು ಮುರಿದು ಮಾರಾಟವಾಗದೆ ಉಳಿದವು. ಆದ್ದರಿಂದ ಬಂದದ್ದು ೭೨೦ ರೂಪಾಯಿ. ಮಾರಿದ ತೊಂಬತ್ತಕ್ಕೆ ಅಂಗಡಿಯವನು ಒಂದೊಂದು ರೂಪಾಯಿಯಂತೆ ೯೦ನ್ನು ಹಿಡಿದುಕೊಂಡನು. ಅವಳು ಒಲೆಯ ಮುಂದೆ ಕುಳಿತ ಆರು ತಾಸುಗಳಿಗೆ ತಾಸಿಗೆ ೪೦ರಂತೆ ಕೂಲಿ ಹಿಡಿದರೆ ೨೪೦ ಆಗುವದು. ಒಟ್ಟು ಖರ್ಚು ೭೩೦, ಉತ್ಪನ್ನ ೭೨೦. ಲಾಭವೆಂದು ತಿಳಿದದ್ದು ಹತ್ತು ರೂಪಾಯಿಯ ಹಾನಿಯಾಯಿತು! ತನ್ನ ದುಡಿಮೆಗೆ ಬೆಲೆಯನ್ನೇ ಕಟ್ಟದ್ದರಿಂದ ಈ ಹಾನಿಯು ಅವಳಿಗೆ ಕಾಣಲಿಲ್ಲ. ನಮ್ಮ ಹೆಣ್ಣುಮಕ್ಕಳು ಈ ವಿದ್ಯೆಯಿಂದ ಕಲಿಯಬೇಕಾದ ಮೊದಲನೆಯ ಸತ್ಯವು ಇದೇ ಎಂದು ನಮಗೆ ತೋರುವದು.

ಅವಳು ೬೦,೦೦೦ ರೂಪಾಯಿಯ ರೊಟ್ಟಿಯ ಯಂತ್ರವನ್ನು ಕೊಂಡಳೆನ್ನಿರಿ. ಆಗ ಎಲ್ಲ ಖರ್ಚು ಕಳೆದು ರೊಟ್ಟಿಗೆ ಒಂದೂವರೆ ರೂಪಾಯಿ ಉಳಿದರೆ, ಯಂತ್ರದ ಹಣ ತಿರುಗಿ ಬರಲು ೪೦,೦೦೦ ರೊಟ್ಟಿಗಳು ಮಾರಾಟವಾಗಬೇಕು. ದಿನಕ್ಕೆ ೪೦೦ ಮಾರಿದರೆ ನೂರು ದಿವಸ. ನೂರೇ ಮಾರಿದರೆ ೪೦೦ ದಿವಸ. ಯಂತ್ರವು ಎಷ್ಟು ಬಡಿಯಬಲ್ಲದು ಎಂಬದಕ್ಕಿಂತ ಊರು ಎಷ್ಟು ಕೊಳ್ಳಬಲ್ಲದು ಎಂಬದನ್ನೇ ಮೊದಲು ವಿಚಾರಿಸಬೇಕೆಂಬದು ಇದರಿಂದ ಸ್ಪಷ್ಟವಾಗುವದು. ಸಾಲ ತೆಗೆಯುವ ಮೊದಲು ಈ ಲೆಕ್ಕವನ್ನು ಹಾಕಬಲ್ಲ ಮಗಳು ಮನೆತನವನ್ನು ಸಾಲದಿಂದ ಕಾಯುವಳೇ ಹೊರತು ಸಾಲಕ್ಕೆ ನೂಕುವವಳಲ್ಲ.

ಮೂರನೆಯದು ಕಾಯದೆ. ತಿನ್ನುವ ಪದಾರ್ಥಗಳನ್ನು ಮಾರುವವರು ೨೦೦೬ರ ಆಹಾರ ಸುರಕ್ಷತೆಯ ಕಾಯದೆಯ ಮೇರೆಗೆ ನೋಂದಣಿ ಮಾಡಿಸಬೇಕು. ಮನೆಯಲ್ಲಿ ಮಾಡಿ ಮಾರುವವರಿಗೂ ಇದು ಸಲ್ಲುವದು. ಹೊಸ ಶೋಧಕ್ಕೆ ಪೇಟೆಂಟು ದೊರೆತರೆ ಅರ್ಜಿಯ ದಿನದಿಂದ ೨೦ ವರ್ಷಗಳ ವರೆಗೆ ಹಕ್ಕು ಉಳಿಯುವದು. ಆದರೆ ಅರ್ಜಿ ಹಾಕುವದಕ್ಕೆ ಮೊದಲೇ ಅದನ್ನು ಲೋಕಕ್ಕೆಲ್ಲ ತೋರಿಸಿಬಿಟ್ಟರೆ ಹಕ್ಕು ತಪ್ಪಿಹೋಗುವ ಸಂಭವವಿದೆ. ವಿಜ್ಞಾನ ಪ್ರದರ್ಶನಗಳಲ್ಲಿ ಭಾಗವಹಿಸುವ ವಿದ್ಯಾರ್ಥಿನಿಯರು ಈ ಮಾತನ್ನು ನೆನಪಿನಲ್ಲಿಡತಕ್ಕದ್ದು. ನಾಲ್ಕನೆಯದು ಮಾತುಗಾರಿಕೆ ಹಾಗೂ ಪಾಲುಗಾರಿಕೆ: ನಾಲ್ವರ ಮುಂದೆ ನಿಂತು ತನ್ನ ಯೋಜನೆಯನ್ನು ಐದು ನಿಮಿಷಗಳಲ್ಲಿ ಹೇಳುವದು, ಒಲ್ಲೆನೆಂದವರಿಗೆ ಸಿಟ್ಟಾಗದೆ ಉತ್ತರ ಕೊಡುವದು, ಗೆಳತಿಯರ ಸಂಗಡ ಪಾಲು ಹಿಡಿಯುವಾಗಲೂ ಕರಾರನ್ನು ಕಾಗದದ ಮೇಲೆ ಬರೆದಿಡುವದು.

ಈ ವಿದ್ಯೆಯು ದೊರೆಯುವ ಸ್ಥಳಗಳು ನಮಗೆ ದೂರವಲ್ಲ. ಬೆಳಗಾವಿಯಲ್ಲಿ ೧೯೯೮ರಲ್ಲಿ ಸ್ಥಾಪಿತವಾದ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯವು ತನ್ನ ಇಂಜನಿಯರಿಂಗ್ ಪಾಠಕ್ರಮದಲ್ಲಿ ಉದ್ಯಮಶೀಲತೆಯನ್ನೂ ನಾವೀನ್ಯವನ್ನೂ ಸೇರಿಸಿರುವದು. ಹುಬ್ಬಳ್ಳಿಯಲ್ಲಿ ೧೯೪೭ರಲ್ಲಿ ಆರಂಭವಾದ ಬಿ.ವಿ.ಬಿ. ಕಾಲೇಜು ಈಗ ಕೆ.ಎಲ್.ಇ. ತಾಂತ್ರಿಕ ವಿಶ್ವವಿದ್ಯಾಲಯವಾಗಿದ್ದು, ವಿದ್ಯಾರ್ಥಿಗಳ ಉದ್ಯಮಗಳನ್ನು ಸಾಕಿ ಬೆಳೆಸುವ ಕೇಂದ್ರವನ್ನು ಹೊಂದಿರುವದು. ಸುಧಾ ಮೂರ್ತಿಯವರು ಇಂಜನಿಯರಿಂಗ್ ಕಲಿತದ್ದು ಈ ಕಾಲೇಜಿನಲ್ಲಿಯೇ. ೧೯೮೧ರಲ್ಲಿ ಇನ್ಫೋಸಿಸ್ ಸಂಸ್ಥೆಯ ಆರಂಭಕ್ಕೆ ಅವರು ತಮ್ಮ ಉಳಿತಾಯದ ಹತ್ತು ಸಾವಿರ ರೂಪಾಯಿಗಳನ್ನು ಕೊಟ್ಟದ್ದು ಎಲ್ಲರಿಗೂ ತಿಳಿದಿರುವದು. ಅವರ ತಂಗಿ ಜಯಶ್ರೀ ದೇಶಪಾಂಡೆಯವರೂ ಪತಿ ಗುರುರಾಜ ದೇಶಪಾಂಡೆಯವರೂ ೨೦೦೨ರಲ್ಲಿ ಅಮೇರಿಕೆಯ ಎಂ.ಐ.ಟಿ. ವಿದ್ಯಾಸಂಸ್ಥೆಯಲ್ಲಿ ನಾವೀನ್ಯದ ಕೇಂದ್ರವೊಂದನ್ನು ಸ್ಥಾಪಿಸಿದರು. ಹುಬ್ಬಳ್ಳಿಯಲ್ಲಿಯೂ ಅವರ ಪ್ರತಿಷ್ಠಾನವು ಇದೇ ಕಾರ್ಯವನ್ನು ನಡೆಸಿರುವದು. ಹೆಣ್ಣುಮಕ್ಕಳಿಗಾಗಿಯೇ ಇರುವ ವಿಶ್ವವಿದ್ಯಾಲಯವು ಬೇಕೆನ್ನುವವರಿಗೆ ವಿಜಯಪುರದಲ್ಲಿ ೨೦೦೩ರಿಂದ ಮಹಿಳಾ ವಿಶ್ವವಿದ್ಯಾಲಯವಿದೆ. ಅದಕ್ಕೆ ಈಗ ಅಕ್ಕಮಹಾದೇವಿಯ ಹೆಸರನ್ನಿಟ್ಟಿರುವರು. ಕಾಲೇಜಿಗೆ ಹೋಗಲಾರದ ಹಳೆಯ ವಿದ್ಯಾರ್ಥಿನಿಯರು ನಿರಾಶರಾಗಬೇಕಾಗಿಲ್ಲ. ೧೯೮೨ರಲ್ಲಿ ಉಜಿರೆಯಲ್ಲಿ ಹುಟ್ಟಿದ ರುಡ್‌ಸೆಟ್ ಸಂಸ್ಥೆಯ ಮಾದರಿಯ ಮೇಲೆ ದೇಶದ ಜಿಲ್ಲೆಗಳಲ್ಲಿ ಗ್ರಾಮೀಣ ಸ್ವಉದ್ಯೋಗ ತರಬೇತಿಯ ಸಂಸ್ಥೆಗಳು ನಡೆದಿದ್ದು, ಅಲ್ಲಿ ಊಟ ವಸತಿಗಳ ಸಹಿತ ಉಚಿತ ಶಿಕ್ಷಣವು ದೊರೆಯುವದು.

ಹೆಣ್ಣುಮಗಳಿಗೆ ಇದರಿಂದ ಆಗುವ ಉಪಕಾರವನ್ನು ಎರಡು ನಿದರ್ಶನಗಳಿಂದ ತೋರಿಸುವೆವು. ಬೆಂಗಳೂರಿನ ಕಿರಣ್ ಮಜುಮ್‌ದಾರ್ ಅವರು ೧೯೭೫ರಲ್ಲಿ ಆಸ್ಟ್ರೇಲಿಯಾದಲ್ಲಿ ಮದ್ಯ ಕುದುಗಿಸುವ ಶಾಸ್ತ್ರದ ಪದವಿಯನ್ನು ಪಡೆದು ಬಂದರು. ಹೆಣ್ಣೆಂಬ ಕಾರಣಕ್ಕೆ ಆ ಕೆಲಸವು ಅವರಿಗೆ ದೊರೆಯಲಿಲ್ಲ. ಕಲಿತ ಶಾಸ್ತ್ರವು ವ್ಯರ್ಥವಾಯಿತೇ? ಇಲ್ಲ. ೧೯೭೮ರಲ್ಲಿ ಬಾಡಿಗೆಯ ಗ್ಯಾರೇಜಿನಲ್ಲಿ ಹತ್ತು ಸಾವಿರ ರೂಪಾಯಿಗಳ ಬಂಡವಲಿನಿಂದ ಬಯೋಕಾನ್ ಸಂಸ್ಥೆಯನ್ನು ಆರಂಭಿಸಿ, ಪಪ್ಪಾಯಿಯ ಕಾಯಿಯಿಂದ ಕಿಣ್ವವನ್ನು ತೆಗೆದು ಹೊರದೇಶಗಳಿಗೆ ಕಳಿಸಿದರು. ಮುಂದೆ ಆ ಸಂಸ್ಥೆಯು ಮಧುಮೇಹಕ್ಕೆ ಇನ್ಸುಲಿನ್ನನ್ನು ತಯಾರಿಸುವಷ್ಟು ಬೆಳೆಯಿತು. ಎರಡನೆಯ ನಿದರ್ಶನವು ನಮ್ಮ ಜಿಲ್ಲೆಯ ಅಥಣಿಯದು. ಅಲ್ಲಿಯ ಚಮ್ಮಾರ ಕುಟುಂಬಗಳ ಹೆಂಗಸರು ಕೊಲ್ಹಾಪುರಿ ಚಪ್ಪಲಿಗಳ ಹೆಣಿಗೆ ಹೊಲಿಗೆಗಳನ್ನು ಮೊದಲಿನಿಂದಲೂ ಮಾಡುತ್ತಿದ್ದರು. ಆದರೆ ಹಣವಾಗಲಿ ಹೆಸರಾಗಲಿ ಅವರ ಕೈಗೆ ಬರುತ್ತಿರಲಿಲ್ಲ. ಕಳೆದ ಶತಮಾನದ ಕೊನೆಗೆ ಮಧುರಾ ಛತ್ರಪತಿಯವರ ಸಂಸ್ಥೆಯ ನೆರವಿನಿಂದ ಅವರು ಸ್ವಸಹಾಯ ಸಂಘಗಳನ್ನು ಕಟ್ಟಿಕೊಂಡು, ಅಳತೆ, ಮಾದರಿ, ಲೆಕ್ಕಗಳನ್ನು ಕಲಿತು, 'ಟೋಹೋಲ್ಡ್' ಎಂಬ ತಮ್ಮದೇ ಮುದ್ರೆಯಿಂದ ಪರದೇಶಗಳಿಗೂ ಮಾರಿದರು. ಕೈಗಳು ಅವೇ, ತೊಗಲು ಅದೇ, ಬದಲಾದದ್ದು ಒಡೆತನವು. ೨೦೧೯ರಲ್ಲಿ ಕೊಲ್ಹಾಪುರಿ ಚಪ್ಪಲಿಗೆ ಭೌಗೋಳಿಕ ಗುರುತು ದೊರೆತಾಗ ಬೆಳಗಾವಿ ಜಿಲ್ಲೆಯೂ ಅದರಲ್ಲಿ ಸೇರಿತು.

ಇನ್ನು ಪಾಲಕರ ಆಕ್ಷೇಪಗಳಿಗೆ ಬರುವೆವು. ಉದ್ಯಮದಲ್ಲಿ ಹಾನಿಯಾದರೆ ಹೇಗೆ ಎಂಬದು ಮೊದಲನೆಯದು. ಹಾನಿಯಾಗುವ ಸಂಭವವು ನಿಜವಾಗಿಯೂ ಉಂಟು. ಹೊಸ ಉದ್ಯಮಗಳಲ್ಲಿ ಅನೇಕವು ನಿಲ್ಲುವದಿಲ್ಲ. ಅದಕ್ಕೆ ಸರಸ್ ಸರಸ್ವತಿ ಎಂಬ ಭಾರತಸಂಜಾತ ವಿದುಷಿಯು ೨೦೦೧ರಲ್ಲಿ ಪ್ರತಿಪಾದಿಸಿದ ಮತವು ಉಪಯುಕ್ತವಾಗಿದೆ. ನುರಿತ ಉದ್ಯಮಿಗಳನ್ನು ಪರೀಕ್ಷಿಸಿ ನೋಡಿದ ಅವರು, ಇಂಥವರು ಎಷ್ಟು ಲಾಭ ಬರುವದೆಂದು ಎಣಿಸುವದಕ್ಕಿಂತ ಎಷ್ಟು ಹಾನಿಯನ್ನು ತಾಳಬಲ್ಲೆವೆಂದು ಮೊದಲು ಗೊತ್ತುಮಾಡಿಕೊಳ್ಳುವರೆಂದು ಕಂಡರು. ಅಡಿಗೆಮನೆಯಲ್ಲಿ ಇದ್ದ ಸಾಮಾನುಗಳನ್ನು ನೋಡಿ ಅಡಿಗೆಯನ್ನು ನಿಶ್ಚಯಿಸುವ ಜಾಣೆಯಂತೆ, ತನ್ನಲ್ಲಿರುವ ವಿದ್ಯೆ, ಪರಿಚಯ, ಹಣಗಳಿಂದಲೇ ಅವರು ಆರಂಭಿಸುವರಂತೆ. ಹಾಸಿಗೆ ಇದ್ದಷ್ಟು ಕಾಲು ಚಾಚೆಂಬ ನಮ್ಮ ಗಾದೆಯೂ ಇದನ್ನೇ ಹೇಳುವದು. ಆದುದರಿಂದ ಪಾಲಕರು ಮಗಳೊಡನೆ ಕುಳಿತು, ಇಷ್ಟು ಹಣ, ಇಷ್ಟು ಕಾಲ, ಅದರಾಚೆಗೆ ಬೇಡ, ಎಂದು ಮೊದಲೇ ಎಲ್ಲೆಯನ್ನು ಹಾಕಿಕೊಳ್ಳುವದು ಒಳ್ಳೆಯದು. ಉದ್ಯಮವು ನಿಂತುಹೋದರೂ ಲೆಕ್ಕ, ಕಾಯದೆ, ಮಾತುಗಾರಿಕೆಗಳ ವಿದ್ಯೆಯು ಅವಳಲ್ಲಿ ಉಳಿದು, ನೌಕರಿಯಲ್ಲಿಯೂ ಸಂಸಾರದಲ್ಲಿಯೂ ಉಪಯೋಗಕ್ಕೆ ಬರುವದು.

ಬಂಡವಲನ್ನು ಎಲ್ಲಿಂದ ತರುವದೆಂಬದು ಎರಡನೆಯ ಆಕ್ಷೇಪ. ೨೦೧೫ರಲ್ಲಿ ಆರಂಭವಾದ ಮುದ್ರಾ ಯೋಜನೆಯ ಮೇರೆಗೆ ಒತ್ತೆಯಿಲ್ಲದೆ ಹತ್ತು ಲಕ್ಷ ರೂಪಾಯಿಗಳ ವರೆಗೆ ಬ್ಯಾಂಕುಗಳು ಸಾಲ ಕೊಡುವವು. ಹಿಂದಿನ ಸಾಲವನ್ನು ಸರಿಯಾಗಿ ತೀರಿಸಿದವರಿಗೆ ೨೦೨೪ರಲ್ಲಿ ಈ ಮಿತಿಯನ್ನು ಇಪ್ಪತ್ತು ಲಕ್ಷಕ್ಕೆ ಏರಿಸಿರುವರು. ಆದರೆ ದೊಡ್ಡ ಸಾಲಕ್ಕೆ ಆಸ್ತಿಯು ಬೇಕಾಗುವದು. ನಮ್ಮ ಹೆಣ್ಣುಮಕ್ಕಳ ಹೆಸರಿನಲ್ಲಿ ಆಸ್ತಿ ಎಲ್ಲಿದೆ? ಅಮೇರಿಕೆಯಂಥ ದೇಶದಲ್ಲಿಯೂ ೧೯೮೮ರ ಕಾಯದೆಯಾಗುವ ವರೆಗೆ ಕೆಲವು ಪ್ರಾಂತಗಳಲ್ಲಿ ಹೆಂಗಸಿನ ವ್ಯಾಪಾರದ ಸಾಲಕ್ಕೆ ಗಂಡಸೊಬ್ಬನ ರುಜುವನ್ನು ಕೇಳುತ್ತಿದ್ದರು. ಹಿಂದೂ ಅವಿಭಕ್ತ ಕುಟುಂಬದ ಆಸ್ತಿಯಲ್ಲಿ ಮಗಳಿಗೂ ಮಗನಂತೆ ಹಕ್ಕನ್ನು ಕರ್ನಾಟಕವು ೧೯೯೪ರಲ್ಲಿಯೇ ಕೊಟ್ಟಿತು. ೨೦೦೫ರಲ್ಲಿ ಇಡೀ ದೇಶಕ್ಕೆ ಆ ಹಕ್ಕು ಬಂದಿತು. ಹಾಗಿದ್ದರೂ ಮದುವೆಯಾದ ಮಗಳಿಂದ ಹಕ್ಕು ಬಿಟ್ಟ ಪತ್ರಕ್ಕೆ ರುಜು ಮಾಡಿಸಿಕೊಳ್ಳುವ ರೂಢಿಯು ಹಳ್ಳಿಗಳಲ್ಲಿ ಇನ್ನೂ ನಿಂತಿಲ್ಲ. ವರೋಪಚಾರಕ್ಕೂ ಬಂಗಾರಕ್ಕೂ ಲಕ್ಷಗಟ್ಟಲೆ ಸುರಿಯುವ ತಂದೆಯು ಅದರಲ್ಲಿ ಒಂದಂಶವನ್ನು ಮಗಳ ವಿದ್ಯೆಗೂ ಅವಳ ಹೆಸರಿನ ಖಾತೆಗೂ ಇಟ್ಟರೆ, ಕರಗದ ಒಡವೆಯನ್ನು ಕೊಟ್ಟಂತಾಗುವದು.

ಮದುವೆಯಾಗಿ ಹೋಗುವವಳಿಗೆ ಉದ್ಯಮವೇಕೆ ಎಂಬದು ಮೂರನೆಯ ಆಕ್ಷೇಪ. ನೌಕರಿಯು ಊರು ಬಿಟ್ಟರೆ ಬಿಡಬೇಕಾಗುವದು. ಕೈಯಲ್ಲಿಯ ವಿದ್ಯೆಯು ಹೋದಲ್ಲಿಗೆ ಬರುವದು. ದುರ್ದೈವದಿಂದ ಮನೆಯ ಯಜಮಾನನು ತೀರಿಕೊಂಡರೆ, ಇಲ್ಲವೆ ಹಾಸಿಗೆ ಹಿಡಿದರೆ, ಕಿರ್ದಿ ಖಾತೆಗಳನ್ನು ಓದಬಲ್ಲ ಹೆಂಡತಿಯಿದ್ದ ಮನೆಗೂ ಇಲ್ಲದ ಮನೆಗೂ ಇರುವ ಅಂತರವನ್ನು ನಮ್ಮ ವಾಚಕರಲ್ಲಿ ಅನೇಕರು ಕಂಡಿರಬಹುದು.

ಕೊನೆಗೆ ಹಳೆಯ ವಿದ್ಯಾರ್ಥಿನಿಯರಲ್ಲಿ ಒಂದು ವಿಜ್ಞಾಪನೆ. ನಿಮ್ಮಲ್ಲಿ ಹೊಲಿಗೆಯ ಯಂತ್ರವನ್ನು ಇಟ್ಟವರೂ, ಔಷಧದ ಅಂಗಡಿಯನ್ನು ನಡೆಸುವವರೂ, ಪರಊರುಗಳಲ್ಲಿ ದೊಡ್ಡ ಕಂಪನಿಗಳಲ್ಲಿ ಇರುವವರೂ ಇರುವಿರಿ. ವರ್ಷಕ್ಕೊಂದು ದಿನ ಶಾಲೆಗೆ ಬಂದು, ಮೇಲಿನ ತರಗತಿಯ ಹುಡುಗಿಯರಿಗೆ ನಿಮ್ಮ ಜಮಾಖರ್ಚಿನ ವಹಿಯನ್ನು ತೆರೆದು ತೋರಿಸಿರಿ. ಲಾಭವಾದ ಪುಟವನ್ನೂ ಹಾನಿಯಾದ ಪುಟವನ್ನೂ ತೋರಿಸಿರಿ. ಪಾಲಕರು ಬರುವ ಬೇಸಗೆಯಲ್ಲಿ ಮನೆಯ ಒಂದು ತಿಂಗಳಿನ ಲೆಕ್ಕವನ್ನು ಮಗಳ ಕೈಗೆ ಕೊಟ್ಟು, ತಾಯಿಯ ದುಡಿಮೆಗೂ ಅದರಲ್ಲಿ ಒಂದು ಸಾಲನ್ನು ಹಾಕಲು ಹೇಳಿರಿ. ವಿಶ್ವವಿದ್ಯಾಲಯದ ವಿದ್ಯೆಗೆ ಇದಕ್ಕಿಂತ ಒಳ್ಳೆಯ ಪೂರ್ವಸಿದ್ಧತೆಯನ್ನು ನಾವು ಕಾಣೆವು.